ನೆಲುವು ಹೂಕುಂಡ ಹೊತ್ತ ಕಥೆ

ಈಗ ಯಾವ ಆನ್‌ಲೈನ್ ಅಂಗಡಿ ಹೊಕ್ಕರೂ 'ಮ್ಯಾಕ್ರಮೆ ಪ್ಲಾಂಟ್ ಹ್ಯಾಂಗರ್' ಅನ್ನೋ ಸಾಮಾನು ಕಣ್ಣಿಗೆ ಬೀಳುತ್ತೆ. ಬಿಳಿ ಹತ್ತಿಹುರಿಗೆ ಗಂಟು ಹಾಕಿ ಮಾಡಿದ ತೂಗುಜಾಲ. ಮೇಲೊಂದು ಬಳೆ, ಕೆಳಗೊಂದು ಕುಚ್ಚು, ನಡುವೆ ಮನಿಪ್ಲಾಂಟಿನ ಕುಂಡ. ಇದನ್ನು ಹಳ್ಳಿಮನೆಯಲ್ಲಿ ಬೆಳೆದ ಹಿರಿಯರೊಬ್ಬರಿಗೆ ತೋರಿಸಿ ನೋಡಿ. "ಇದು ನೆಲುವಲ್ವಾ? ಇದರಲ್ಲಿ ಗಿಡ ಯಾಕೆ ಇಟ್ಟಿದಾರೆ?" ಅಂತ ಕೇಳ್ತಾರೆ.

ಅವರು ಕೇಳೋದು ಸರಿಯೇ. ಅಡುಗೆಮನೆಯ ಸೂರಿನಲ್ಲಿ ಹಾಲು ಮೊಸರು ಹೊತ್ತು ತೂಗುತ್ತಿದ್ದ ಹಗ್ಗ ಡ್ರಾಯಿಂಗ್ ರೂಮಿನ ಅಲಂಕಾರವಾದದ್ದು ಹೇಗೆ ಅಂತ ಹುಡುಕುತ್ತಾ ಹೋದರೆ ದಾರಿ ಬಂಗಾಳದ ಸೆಣಬಿನ ಗದ್ದೆಗಳಿಗೂ, 1971ರ ಯುದ್ಧಕ್ಕೂ ಹೋಗಿ ಮುಟ್ಟುತ್ತೆ. ಬರೀ ದಾರದ ವಿಷಯಕ್ಕೆ ಇಷ್ಟೆಲ್ಲ ಇತಿಹಾಸವೇ ಅನ್ನಬೇಡಿ, ಸ್ವಲ್ಪ ತಾಳ್ಮೆಯಿಂದ ಓದಿ :)

ಮೊದಲು ನೆಲುವು ನೋಡದವರಿಗಾಗಿ ಎರಡು ಮಾತು. ಮೂರೋ ನಾಲ್ಕೋ ಹಗ್ಗಗಳನ್ನು ಮೇಲೆ ಒಂದೇ ಗಂಟಿಗೆ ಸೇರಿಸಿ, ಕೆಳಗೆ ಒಂದು ಬಳೆಯಾಕಾರದ ಸಿಂಬಿಗೆ ಕಟ್ಟಿರುತ್ತಾರೆ. ಅದನ್ನು ಜಂತಿಗೋ ತೊಲೆಗೋ ತೂಗುಹಾಕಿ ಸಿಂಬಿಯ ಮೇಲೆ ಗಡಿಗೆ ಕೂರಿಸಿದರೆ ಮುಗೀತು. ನೆಲುವು, ನೆಲವು, ನೆಲಹು, ನಿಲುವು - ಊರಿಗೊಂದು ಉಚ್ಚಾರ.

ಇದು ಯಾಕೆ ಬೇಕಿತ್ತು? ಇಲಿ, ಬೆಕ್ಕು, ಇರುವೆ ಅನ್ನೋದು ಎಲ್ಲರಿಗೂ ಗೊತ್ತಿರುವ ಉತ್ತರ. ನೆಲದಿಂದಲೂ ಗೋಡೆಯಿಂದಲೂ ದೂರ ಇದ್ದರೆ ಬೆಕ್ಕಿಗೆ ನೆಗೆಯಲು ಆಸರೆ ಇಲ್ಲ, ಇರುವೆಗೆ ಸುತ್ತುದಾರಿ. ಸುತ್ತ ಗಾಳಿಯಾಡುವುದರಿಂದ ಮಣ್ಣಿನ ಗಡಿಗೆ ತಣ್ಣಗೂ ಇರುತ್ತೆ. ಆದರೆ ನನಗೆ ಹೆಚ್ಚು ಇಷ್ಟವಾದ ಕಾರಣ ಇನ್ನೊಂದಿದೆ: ನಮ್ಮ ಹಳೆಯ ಗಡಿಗೆಗಳ ತಳ ಗುಂಡು. ಮೂರು ಕಲ್ಲಿನ ಒಲೆಯ ಮೇಲೆ ಗುಂಡು ತಳ ಚೆನ್ನಾಗಿ ಕೂರುತ್ತೆ, ಬೆಂಕಿ ಎಲ್ಲ ಕಡೆ ಸಮವಾಗಿ ತಾಗುತ್ತೆ. ಆದರೆ ಚಪ್ಪಟೆ ನೆಲದ ಮೇಲೆ ಅದು ಉರುಳುತ್ತೆ. ಹಾಗಾಗಿ ತಲೆ ಮೇಲೆ ಹೊರುವಾಗ ಸಿಂಬಿ, ನೆಲದ ಮೇಲಿಡುವಾಗ ಸಿಂಬಿ, ಸೂರಿನಲ್ಲಿ ಇಡುವಾಗ ಸಿಂಬಿಗೆ ಹಗ್ಗ ಕಟ್ಟಿದ ನೆಲುವು. ಅಂದರೆ ನೆಲುವು ಗುಂಡು ತಳದ ಪಾತ್ರೆಗಳ ಕುರ್ಚಿ. ಇದನ್ನು ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತೆ.

ಹಗ್ಗಕ್ಕೆ ಆಯಾ ಸೀಮೆಯ ನಾರು. ಕರಾವಳಿಯಲ್ಲಿ ತೆಂಗಿನ ನಾರು, ಬಯಲುಸೀಮೆಯಲ್ಲಿ ಕತ್ತಾಳೆ, ಉತ್ತರ ಕರ್ನಾಟಕದಲ್ಲಿ ಪುಂಡಿ. ಹೌದು, ಪುಂಡಿಪಲ್ಯದ ಪುಂಡಿಯೇ! ಎಲೆ ಪಲ್ಯಕ್ಕೆ, ದಂಟನ್ನು ನೀರಿನಲ್ಲಿ ಕೊಳೆಹಾಕಿ ಸಿಪ್ಪೆ ಬಿಡಿಸಿದರೆ ನಾರು. ಒಂದೇ ಗಿಡ ಗಡಿಗೆಯೊಳಗೂ ಹೋಗಿ, ಗಡಿಗೆಯನ್ನು ಎತ್ತಿ ಹಿಡಿಯಲೂ ಬರುತ್ತಿತ್ತು. ನಮ್ಮ ಊರಿನ ಮನೆಯಲ್ಲಿ ನಾನು ಕಂಡ ನೆಲುವು ಹೊಗೆಗೆ ಕಪ್ಪಾಗಿ, ಹಗ್ಗವೋ ಕಬ್ಬಿಣವೋ ಗೊತ್ತಾಗದಂತೆ ಗಟ್ಟಿಯಾಗಿತ್ತು. ಅದರಲ್ಲಿ ಆಗ ಬೆಣ್ಣೆಯಿರಲಿಲ್ಲ, ಬೀಜದ ಸೌತೆಕಾಯಿ ತೂಗುತ್ತಿತ್ತು. ಅಷ್ಟು ಹೊತ್ತಿಗೇ ಅದು ನಿವೃತ್ತಿಯ ಅಂಚಿಗೆ ಬಂದಿತ್ತು ಅನ್ನಿ.

ಈ ವಸ್ತು ಭಾರತದ ಉದ್ದಗಲಕ್ಕೂ ಇತ್ತು. ಸಂಸ್ಕೃತದಲ್ಲಿ ಶಿಕ್ಯ. ಅದೇ ಬಂಗಾಳಿಯಲ್ಲಿ ಶಿಕಾ, ಮರಾಠಿಯಲ್ಲಿ ಶಿಂಕೆ, ಹಿಂದಿಯಲ್ಲಿ ಛೀಂಕಾ. ತೆಲುಗರಿಗೆ ಉಟ್ಟಿ, ತಮಿಳರಿಗೂ ಮಲಯಾಳಿಗಳಿಗೂ ಉರಿ. ಗಾದೆಗಳೂ ಬೇಕಾದಷ್ಟಿವೆ. ಬೆಕ್ಕಿನ ಅದೃಷ್ಟಕ್ಕೆ ಛೀಂಕಾ ಕಿತ್ತುಬಿತ್ತು ಅಂತ ಹಿಂದಿಯವರು, ಶಿಂಕೆ ಹರಿದದ್ದು ಗಂಡುಬೆಕ್ಕಿಗೆ ಲಾಭ ಅಂತ ಮರಾಠಿಗರು. ಉಟ್ಟಿಗೇ ಏರಲಾಗದವಳು ಸ್ವರ್ಗಕ್ಕೆ ಏರಿಯಾಳೇ ಅಂತ ತೆಲುಗರು. ಸ್ವರ್ಗ, ನೆಲುವು ಎರಡನ್ನೂ ಒಂದೇ ಏಣಿಯ ಮೇಲಿಟ್ಟ ಗಾದೆ ಇದು. ಹಸಿದ ಮಗುವಿನ ಕಣ್ಣಿಗೆ ಎರಡೂ ಅಷ್ಟೇ ಎತ್ತರ ಅಲ್ವಾ?

ಎಷ್ಟು ಹಳೆಯದು ಅಂತೀರಾ? ಶತಪಥ ಬ್ರಾಹ್ಮಣದಲ್ಲಿ ಯಜ್ಞದ ಬೆಂಕಿಯಿರುವ ಮಣ್ಣಿನ ಪಾತ್ರೆಯನ್ನು ಶಿಕ್ಯದಲ್ಲಿಟ್ಟು ಹೊರುವ ವಿಧಿ ಬರುತ್ತೆ. ಆ ಶಿಕ್ಯಕ್ಕೆ ಆರು ಎಳೆ, ವರ್ಷಕ್ಕೆ ಆರು ಋತುಗಳಿರುವ ಹಾಗೆ. ಅಡುಗೆಮನೆಯ ಹಗ್ಗ ಯಜ್ಞಶಾಲೆಗೆ ಹೋಯಿತೋ, ಅಲ್ಲಿಂದ ಇಲ್ಲಿಗೆ ಬಂತೋ? ನನ್ನ ಮಟ್ಟಿಗೆ ಅಡುಗೆಮನೆಯದೇ ಮೊದಲು ಅನ್ನಿಸುತ್ತೆ. ಭಾಗವತದ ಕೃಷ್ಣ ಬೆಣ್ಣೆ ಕದಿಯುವುದಂತೂ ಇದರಿಂದಲೇ. ಒರಳನ್ನು ಬೋರಲು ಹಾಕಿ, ಮೇಲೆ ಹತ್ತಿ, ತೂಗುವ ಗಡಿಗೆಗೆ ಕೈ ಹಾಕುವ ಆ ಚಿತ್ರದಲ್ಲಿ ನೆಲುವು ಇಲ್ಲದಿದ್ದರೆ ಕಥೆಯೇ ಇಲ್ಲ. ಉಡುಪಿಯ ವಿಟ್ಲಪಿಂಡಿಯ ಮೊಸರು ಕುಡಿಕೆ, ಮಹಾರಾಷ್ಟ್ರದ ದಹಿಹಂಡಿ, ತಮಿಳುನಾಡು ಕೇರಳಗಳ ಉರಿಯಡಿ, ಇವೆಲ್ಲ ಆ ನೆಲುವಿನ ನೆನಪುಗಳು. ಎಚ್.ಎಸ್. ವೆಂಕಟೇಶಮೂರ್ತಿಯವರ ಬೆಣ್ಣೆ ಕದ್ದಿಲ್ಲ ಅನ್ನುವ ಕೃಷ್ಣನ ಹಾಡನ್ನು ಶಾಲೆಯ ಸ್ಟೇಜಿನ ಮೇಲೆ ಹಾಡುವ ಇಂದಿನ ಮಕ್ಕಳಲ್ಲಿ ಬಹುಪಾಲು ಮಕ್ಕಳು ಅಂಥ ತೂಗುವ ಗಡಿಗೆಯನ್ನು ಕಣ್ಣಾರೆ ನೋಡಿಲ್ಲ. ವಸ್ತು ಹೋದರೂ ಹಾಡಿನಲ್ಲಿ ಉಳಿದುಕೊಂಡಿದೆ.

ದಾರದ ಕಥೆಯಂತೂ ಇನ್ನೂ ಹಿಂದಕ್ಕೆ ಹೋಗುತ್ತೆ. ಫ್ರಾನ್ಸಿನ ಆಬ್ರಿ ದ್ಯು ಮಾರಾಸ್ ಎಂಬ ನೆಲೆಯಲ್ಲಿ ಸಿಕ್ಕ, ಬರೀ ಆರು ಮಿಲಿಮೀಟರ್ ಉದ್ದದ ಒಂದು ಹುರಿಯ ಚೂರಿನ ಬಗ್ಗೆ 2020ರಲ್ಲಿ ವರದಿಯಾಯಿತು. ವಯಸ್ಸು 41,000ದಿಂದ 52,000 ವರ್ಷ. ಹೊಸೆದವರು ನಮ್ಮ ಜಾತಿಯ ಮನುಷ್ಯರೂ ಅಲ್ಲ, ನಿಯಾಂಡರ್ತಾಲರು! ಮರದ ಒಳತೊಗಟೆಯ ನಾರನ್ನು ಒಂದು ದಿಕ್ಕಿಗೆ ಹೊಸೆದು, ಅಂಥ ಮೂರು ಎಳೆಗಳನ್ನು ಎದುರು ದಿಕ್ಕಿಗೆ ಸೇರಿಸಿ ಹೊಸೆದಿದ್ದಾರೆ. ಎಳೆ ಬಿಚ್ಚಿಕೊಳ್ಳಲು ಹೋದರೆ ಹುರಿ ಬಿಗಿಯಾಗುತ್ತೆ, ಹುರಿ ಬಿಚ್ಚಲು ಹೋದರೆ ಎಳೆ ಬಿಗಿಯಾಗುತ್ತೆ. ಇವತ್ತಿಗೂ ತೊಡೆಯ ಮೇಲೆ ಬತ್ತಿ ಹೊಸೆದ ಹಾಗೆ ಹುರಿ ಹೊಸೆಯುವವರು ಮಾಡುವುದು ಇದನ್ನೇ.

ಇರಲಿ, ಬಂಗಾಳಕ್ಕೆ ಬರೋಣ.

ನಮ್ಮ ನೆಲುವು ಬಹುಪಾಲು ಸಾದಾ. ಕೆಲಸಕ್ಕೆ ಬೇಕಾದಷ್ಟು ಹಗ್ಗ, ಬೇಕಾದಷ್ಟು ಗಂಟು. ಬಂಗಾಳದ ಹೆಂಗಸರು ಮಾತ್ರ ಇದನ್ನೇ ಒಂದು ಕಲೆಯಾಗಿ ಬೆಳೆಸಿದರು. ಅಲ್ಲಿ ಸೆಣಬು ಮನೆಯ ಹಿಂದೆಯೇ ಬೆಳೆಯುತ್ತೆ. ನಾರನ್ನು ಜಡೆ ಹೆಣೆದು, ನಡುನಡುವೆ ಬಣ್ಣದ ಬಟ್ಟೆ ಸುತ್ತಿ, ಕವಡೆ ಮಣಿ ಪೋಣಿಸಿ, ಒಂದರ ಕೆಳಗೊಂದು ಮೂರು ನಾಲ್ಕು ಗಡಿಗೆ ಕೂರುವಂತೆ ಉದ್ದುದ್ದ ಶಿಕಾ ಮಾಡುತ್ತಿದ್ದರು. ಅಕ್ಕಿ, ಬೆಲ್ಲ, ಉಪ್ಪಿನಕಾಯಿ ಎಲ್ಲ ಅದರಲ್ಲೇ. ಪ್ರವಾಹದ ನಾಡಿನಲ್ಲಿ ನೆಲದ ಮೇಲಿಟ್ಟದ್ದು ಸುರಕ್ಷಿತವಲ್ಲ ಅನ್ನೋದೂ ನೆನಪಿರಲಿ. ತಾಯಿಯಿಂದ ಮಗಳಿಗೆ ಬರುತ್ತಿದ್ದ ಗಂಟುಗಳು ಇವು. ಹೆಸರು ಬರೆದಿಡುವ ಪದ್ಧತಿಯಿಲ್ಲ, ಮಾರುವ ಮಾತೂ ಇಲ್ಲ.

ಅದೇ ಹೊತ್ತಿಗೆ ಅದೇ ಸೆಣಬು ಹೊರಗೆ ದೊಡ್ಡ ವ್ಯಾಪಾರವಾಗಿತ್ತು. 1830ರ ದಶಕದಲ್ಲಿ ಸ್ಕಾಟ್ಲೆಂಡಿನ ಡಂಡಿಯಲ್ಲಿ ಸೆಣಬನ್ನು ತಿಮಿಂಗಿಲದ ಎಣ್ಣೆಯಿಂದ ಮೆದುಗೊಳಿಸಿ ಯಂತ್ರದಲ್ಲಿ ನೂಲಲು ಕಲಿತರು. 1855ರಲ್ಲಿ ಕಲ್ಕತ್ತೆಯ ಹತ್ತಿರದ ರಿಶ್ರಾದಲ್ಲಿ ಮೊದಲ ಗಿರಣಿ ಬಂತು. ಜಗತ್ತಿನ ಕಾಫಿ, ಸಕ್ಕರೆ, ಗೋಧಿ ಎಲ್ಲ ಬಂಗಾಳದ ಗೋಣಿಚೀಲದಲ್ಲಿ ಓಡಾಡಿದವು. 1947ರ ವಿಭಜನೆಯಲ್ಲಿ ಗಿರಣಿಗಳು ಭಾರತಕ್ಕೆ, ಒಳ್ಳೆಯ ಸೆಣಬು ಬೆಳೆಯುವ ಗದ್ದೆಗಳು ಪೂರ್ವ ಪಾಕಿಸ್ತಾನಕ್ಕೆ. ಅಲ್ಲಿ 1951ರಲ್ಲಿ ನಾರಾಯಣಗಂಜಿನಲ್ಲಿ ಆದಮ್‌ಜೀ ಗಿರಣಿ ಎದ್ದಿತು. ಈ ಇಡೀ ಗಲಾಟೆಯಲ್ಲಿ ಶಿಕಾ ಮಾತ್ರ ತನ್ನ ಪಾಡಿಗೆ ಸೂರಿನಲ್ಲಿ ತೂಗುತ್ತಿತ್ತು. ಯಾವ ಗಿರಣಿಯೂ ಅದನ್ನು ಮಾಡಲಿಲ್ಲ, ಯಾವ ಹಡಗೂ ಅದನ್ನು ಹೊತ್ತೊಯ್ಯಲಿಲ್ಲ.

ಆಮೇಲೆ ಬಂತು ಕೇಡುಗಾಲ. 1970ರ ನವೆಂಬರಿನ ಭೋಲಾ ಚಂಡಮಾರುತಕ್ಕೆ ಸತ್ತವರು ಕನಿಷ್ಠ ಮೂರು ಲಕ್ಷ ಎಂಬುದು ಸಾಮಾನ್ಯ ಅಂದಾಜು. ನಾಲ್ಕೇ ತಿಂಗಳಲ್ಲಿ, 1971ರ ಮಾರ್ಚಿನಲ್ಲಿ, ಯುದ್ಧ. ಡಿಸೆಂಬರಿನಲ್ಲಿ ಬಾಂಗ್ಲಾದೇಶ ಸ್ವತಂತ್ರವಾದಾಗ ಹಳ್ಳಿಹಳ್ಳಿಗಳಲ್ಲಿ ಗಂಡ ಸತ್ತ, ಮನೆ ಸುಟ್ಟ, ಭೂಮಿಯಿಲ್ಲದ ಹೆಂಗಸರು. ಹೊರಗೆ ಹೋಗಿ ದುಡಿಯುವ ರೂಢಿಯಿಲ್ಲ, ಬಂಡವಾಳವಿಲ್ಲ, ಓದಿಲ್ಲ. ಪರಿಹಾರಕ್ಕೆ ಬಂದ ಸಂಸ್ಥೆಗಳ ಮುಂದಿದ್ದ ಪ್ರಶ್ನೆ: ಇವರ ಕೈಯಲ್ಲಿ ಏನಿದೆ?

ಕೈಯಲ್ಲಿ ಗಂಟುಗಳಿದ್ದವು. ಗದ್ದೆಯಲ್ಲಿ ಸೆಣಬಿತ್ತು.

1973ರಲ್ಲಿ ಢಾಕಾದಲ್ಲಿ ಕೋರ್ ಎಂಬ ಕ್ರೈಸ್ತ ಪರಿಹಾರ ಸಂಸ್ಥೆಯ ಆಸರೆಯಲ್ಲಿ 'ದಿ ಜ್ಯೂಟ್ ವರ್ಕ್ಸ್' ಶುರುವಾಯಿತು. ಹಳ್ಳಿಯ ಹೆಂಗಸರ ಸಹಕಾರ ಗುಂಪುಗಳು ಮನೆಯಲ್ಲೇ ಮಾಡಿಕೊಟ್ಟದ್ದನ್ನು ಒಟ್ಟುಗೂಡಿಸಿ ಹೊರದೇಶಕ್ಕೆ ಮಾರುವುದು ಅದರ ಕೆಲಸ. ಮೊದಲ ವರ್ಷಗಳಲ್ಲಿ ಮಾರಿದ ಸರಕಿನಲ್ಲಿ ಮುಖ್ಯವಾದದ್ದು ಶಿಕಾ. ಹೊಸ ಯಂತ್ರ ಬೇಡ, ಹೊಸ ತರಬೇತಿ ಬೇಡ, ಮಗು ತೊಟ್ಟಿಲಲ್ಲಿ ಮಲಗಿದ್ದಾಗ ಕೂತು ಹೆಣೆಯಬಹುದು.

ಕೊಳ್ಳುವವರು ಯಾರು? ಇಲ್ಲಿ ಕಾಲ ಕೂಡಿಬಂತು. ಅಮೆರಿಕ, ಯುರೋಪುಗಳಲ್ಲಿ 1970ರ ದಶಕ ಅಂದರೆ ಮ್ಯಾಕ್ರಮೆಯ ಹುಚ್ಚು. ಮ್ಯಾಕ್ರಮೆಯೂ ಹಳೆಯದೇ. ಅರಬ್ಬೀ ಮೂಲದ ಪದ, ನೇಯ್ದ ಬಟ್ಟೆಯ ಅಂಚಿನ ದಾರಗಳನ್ನು ಗಂಟು ಹಾಕುವ ಕಲೆ. ಹಡಗಿನ ನಾವಿಕರು ಬೇಸರ ಕಳೆಯಲು ಮಾಡುತ್ತಿದ್ದರು. ವಿಕ್ಟೋರಿಯಾ ಕಾಲದ ಇಂಗ್ಲೆಂಡಿನಲ್ಲಿ 1882ರಲ್ಲಿ ಅದಕ್ಕೊಂದು ಕೈಪಿಡಿಯೇ ಬಂದಿತ್ತು. ಮರೆತುಹೋಗಿದ್ದ ಅದು ಹಿಪ್ಪಿಗಳ ಕಾಲದಲ್ಲಿ ಮತ್ತೆ ಎದ್ದಿತು: ಬೆಲ್ಟು, ಗೋಡೆಗೆ ತೂಗುವ ಜಾಲ, ಎಲ್ಲಕ್ಕಿಂತ ಹೆಚ್ಚಾಗಿ ಗಿಡ ತೂಗುವ ಹ್ಯಾಂಗರು. ಅದೇ ಹೊತ್ತಿಗೆ ಚರ್ಚುಗಳೂ ದತ್ತಿಸಂಸ್ಥೆಗಳೂ ಬಡ ದೇಶಗಳ ಕೈಕಸುಬನ್ನು ಮಾರುವ ಅಂಗಡಿಗಳನ್ನು ನಡೆಸುತ್ತಿದ್ದವು. ಆ ಅಂಗಡಿಗಳಲ್ಲಿ ಬಂಗಾಳದ ಗಡಿಗೆಯ ಶಿಕಾ, ಪಾಶ್ಚಾತ್ಯರ ಹೂಕುಂಡಕ್ಕೆ ಸರಿಯಾಗಿ ಹೊಂದಿಕೊಂಡಿತು. ಒಳಗೆ ಅಕ್ಕಿಯಿದ್ದರೇನು, ಸ್ಪೈಡರ್ ಪ್ಲಾಂಟಿದ್ದರೇನು, ಹಗ್ಗಕ್ಕೆ ಭಾರ ಭಾರವೇ. ನೆಲುವಿಗೂ ಮ್ಯಾಕ್ರಮೆಗೂ ಹುಟ್ಟು ಬೇರೆಬೇರೆ. ಆದರೆ ಒಂದೇ ಕೊಕ್ಕೆಗೆ ಬಂದು ತೂಗಿದ್ದು ಇಲ್ಲಿ.

ಹೀಗೆ ಹೆಸರಿಲ್ಲದ ಅಡುಗೆಮನೆಯ ಗಂಟಿಗೆ ಮೊದಲ ಬಾರಿ ಕೂಲಿ ಸಿಕ್ಕಿತು. ಆ ದುಡ್ಡು ದೊಡ್ಡದಲ್ಲದಿರಬಹುದು. ಆದರೆ ಗಂಡಸಿನ ಹೆಸರಿನ ಮೂಲಕ ಬಾರದೆ ನೇರ ಹೆಂಗಸಿನ ಕೈಗೆ ಬಂದ ದುಡ್ಡು ಅದು. ನನಗೆ ಈ ಇಡೀ ಕಥೆಯಲ್ಲಿ ಮುಖ್ಯ ಅನ್ನಿಸುವ ಸಾಲು ಇದೇ.

ಆದರೆ ಫ್ಯಾಶನ್ ಅಂದ ಮೇಲೆ ಅದಕ್ಕೊಂದು ಆಯುಸ್ಸು ಇದ್ದೇ ಇದೆ. 1980ರ ದಶಕ ಬರುತ್ತಲೇ ಮ್ಯಾಕ್ರಮೆ ಹಳೆಯದಾಯಿತು, ಹ್ಯಾಂಗರುಗಳು ಅಟ್ಟ ಸೇರಿದವು. ಅಡುಗೆಮನೆಯಲ್ಲಿದ್ದಾಗ ಶಿಕಾ ಹರಿದರೆ ಇನ್ನೊಂದು ಬೇಕಾಗುತ್ತಿತ್ತು, ಯಾಕೆಂದರೆ ಗಡಿಗೆಗೆ ಬೇರೆ ಜಾಗವಿರಲಿಲ್ಲ. ಡ್ರಾಯಿಂಗ್ ರೂಮಿನಲ್ಲಿ ಹಾಗಲ್ಲ. ಬೇಸರವಾದರೆ ತೆಗೆದುಹಾಕಬಹುದು. ಅಲ್ಲಿ ಯಾರಿಗೋ ಬೇಸರವಾದದ್ದಕ್ಕೆ ಇಲ್ಲಿ ಒಬ್ಬಳ ಆರ್ಡರು ನಿಲ್ಲುತ್ತೆ. ಜ್ಯೂಟ್ ವರ್ಕ್ಸ್ ಮುಳುಗಲಿಲ್ಲ, ಬುಟ್ಟಿ, ಚೀಲ, ಟೆರ್ರಾಕೋಟಾ ಅಂತ ಸರಕು ಬದಲಿಸಿ ಬದುಕಿಕೊಂಡಿತು. ಚೀಲದ ಹಿಂದೆಯೂ ಒಂದು ಸ್ವಾರಸ್ಯವಿದೆ. 1976ರಲ್ಲಿ ಸ್ವಿಟ್ಜರ್ಲೆಂಡಿನಲ್ಲೂ, 1978ರಿಂದ ಜರ್ಮನಿಯಲ್ಲೂ 'ಪ್ಲಾಸ್ಟಿಕ್ ಬದಲು ಸೆಣಬು' ಅನ್ನುವ ಚಳವಳಿ ನಡೆಯಿತು. ಅಲ್ಲಿ ಹಂಚಿದ ಚೀಲಗಳನ್ನು ಹೊಲಿದವರು ಬಾಂಗ್ಲಾದೇಶದ ಇಂಥದೇ ಮಹಿಳಾ ಗುಂಪುಗಳು. ನಾವು ಬಟ್ಟೆಚೀಲ ಬಿಟ್ಟು ಪ್ಲಾಸ್ಟಿಕ್ ಕವರಿಗೆ ಹೊರಳಿದ್ದು ಅದಾದ ಮೇಲೆ ಅನ್ನೋದನ್ನು ನೆನೆದರೆ ನಗು ಬರುತ್ತೆ.

ಬಾಂಗ್ಲಾದೇಶದಲ್ಲಿ 2002ನೇ ಇಸವಿ ಇನ್ನೂ ವಿಚಿತ್ರ. 1988 ಮತ್ತು 1998ರ ಪ್ರವಾಹಗಳಲ್ಲಿ ಚರಂಡಿ ಕಟ್ಟಿಸಿದ ತೆಳು ಪಾಲಿಥೀನ್ ಚೀಲಗಳನ್ನು ಆ ವರ್ಷ ನಿಷೇಧಿಸಿದರು. ಅದೇ ವರ್ಷ ಜೂನಿನಲ್ಲಿ, ನಷ್ಟದ ಕಾರಣ ಹೇಳಿ, ಆದಮ್‌ಜೀ ಸೆಣಬಿನ ಗಿರಣಿಗೆ ಬೀಗ ಹಾಕಿದರು. ಒಂದು ಕೈಯಲ್ಲಿ ಪ್ಲಾಸ್ಟಿಕ್ ಬೇಡ ಅಂದರು, ಇನ್ನೊಂದು ಕೈಯಲ್ಲಿ ಸೆಣಬನ್ನೂ ಬಿಟ್ಟರು.

ನಮ್ಮ ನೆಲುವಿನ ಕಥೆ? ಅದಕ್ಕೆ ಯಾವ ಯುದ್ಧವೂ ಬೇಕಾಗಲಿಲ್ಲ. ಸ್ಟೀಲಿನ ಚಪ್ಪಟೆ ತಳದ ಡಬ್ಬಿ ಬಂತು, ಅದು ಗೂಡಿನಲ್ಲಿ ತಾನೇ ನಿಂತಿತು. (ಗುಂಡು ತಳದ ಮಾತು ನೆನಪಿದೆಯಲ್ಲ?) ಆರ್‌ಸಿಸಿ ಛಾವಣಿ ಬಂತು, ಹಗ್ಗ ಕಟ್ಟಲು ಜಂತಿ ಇಲ್ಲವಾಯಿತು. ಜಾಲರಿಯ ಮೀಟ್ ಸೇಫ್ ಬಂತು, ಆಮೇಲೆ ಫ್ರಿಜ್ಜು ಬಂತು. ನೆಲುವು ಸದ್ದಿಲ್ಲದೆ ಇಳಿಯಿತು. ಅದನ್ನು ಕೊಳ್ಳಲು ಯಾವ ಹಿಪ್ಪಿಯೂ ಬರಲಿಲ್ಲ, ಹೊಸೆಯುತ್ತಿದ್ದವರಿಗೆ ಕೂಲಿಯೂ ಸಿಗಲಿಲ್ಲ. ಹೊಸೆಯುವ ಕೈ ಮುದಿಯಾದಾಗ ಕಲಿಯುವವರು ಇರಲಿಲ್ಲ, ಅಷ್ಟೇ. ಈಗ ಅದೇ ವಸ್ತು ಇಂಗ್ಲಿಷ್ ಹೆಸರಿಟ್ಟುಕೊಂಡು ಇಂಟರ್ನೆಟ್ಟಿನ ಮೂಲಕ ವಾಪಸ್ ಬಂದಿದೆ. ಬೇಡ ಅನ್ನಲೇ? ಇಲ್ಲ. ಬಂದದ್ದು ಬರಲಿ. ಆದರೆ ಅದನ್ನು ಬರೀ ನೋಡುವ ವಸ್ತುವಾಗಿ ಇಡದೆ ಮತ್ತೆ ಅಡುಗೆಮನೆಯ ಕೆಲಸಕ್ಕೆ ಹಚ್ಚೋಣ ಅಂತ ನನ್ನ ಆಸೆ. ಕೆಲಸವಿರುವ ವಸ್ತು ಫ್ಯಾಶನ್ ಬದಲಾದರೂ ಉಳಿಯುತ್ತೆ.

ಮಾಡೋದು ಸುಲಭ. ಹೆಬ್ಬೆಟ್ಟಿನ ಅರ್ಧದಷ್ಟೂ ದಪ್ಪ ಬೇಡ, ನಾಲ್ಕು ಮಿಲಿಮೀಟರಿನ ಹತ್ತಿಹುರಿ ಸಾಕು. ಮೂರು ಮೀಟರ್ ಉದ್ದದ ನಾಲ್ಕು ತುಂಡು ಕತ್ತರಿಸಿ. ನಾಲ್ಕನ್ನೂ ಒಂದು ಕಬ್ಬಿಣದ ಬಳೆಯಲ್ಲಿ ತೂರಿಸಿ ನಡುವಿಗೆ ಮಡಚಿದರೆ ಎಂಟು ಎಳೆ. ಬಳೆಯ ಕೆಳಗೆ ಎಲ್ಲ ಸೇರಿಸಿ ಒಂದು ಬಿಗಿ ಗಂಟು. ಎಂಟನ್ನು ಎರಡೆರಡರ ನಾಲ್ಕು ಜೋಡಿ ಮಾಡಿ, ಮೊಳದಷ್ಟು ಕೆಳಗೆ ಪ್ರತಿ ಜೋಡಿಗೂ ಒಂದು ಗಂಟು. ಈಗ ಪಕ್ಕಪಕ್ಕದ ಜೋಡಿಗಳಿಂದ ಒಂದೊಂದು ಎಳೆ ತೆಗೆದುಕೊಂಡು, ನಾಲ್ಕು ಬೆರಳು ಕೆಳಗೆ ಅವೆರಡಕ್ಕೆ ಗಂಟು. ಹೀಗೆ ಸುತ್ತಲೂ ನಾಲ್ಕು. ಮತ್ತೆ ನಾಲ್ಕು ಬೆರಳು ಕೆಳಗೆ ಎಂಟೂ ಎಳೆ ಸೇರಿಸಿ ಕೊನೆಯ ಗಂಟು, ಉಳಿದದ್ದು ಕುಚ್ಚು. ಗಂಟುಗಳೆಲ್ಲ ಒಂದೇ ಮಟ್ಟದಲ್ಲಿರಲಿ, ಇಲ್ಲದಿದ್ದರೆ ಪಾತ್ರೆ ವಾಲುತ್ತೆ. ಒಂದು ಬುಟ್ಟಿ ಇಟ್ಟು ಈರುಳ್ಳಿಯನ್ನೋ ಬೆಳ್ಳುಳ್ಳಿಯನ್ನೋ ಹಾಕಿ. ಗಾಳಿ ಆಡಿದರೆ ಎರಡೂ ಹೆಚ್ಚು ದಿನ ಬಾಳುತ್ತವೆ. ಶ್ರೀಖಂಡಕ್ಕೆ ಬಟ್ಟೆಯಲ್ಲಿ ಕಟ್ಟಿದ ಮೊಸರನ್ನು ನೇತುಹಾಕಲೂ ಆ ಬಳೆಯೇ ಸಾಕು.

ದಾರದ ವಿಷಯದಲ್ಲಿ ಎರಡು ಎಚ್ಚರಿಕೆ. ತುಂಬಿದ ಹಾಗಲಕಾಯಿಗೆ ಸುತ್ತಲು, ಪತ್ರೊಡೆಯ ಸುರುಳಿ ಕಟ್ಟಲು, ಪಲಾವಿಗೆ ಮಸಾಲೆ ಗಂಟು ಬಿಡಲು ಬಣ್ಣ ಹಾಕದ ಹತ್ತಿ ದಾರವನ್ನೇ ಬಳಸಿ. ಕೆಂಪು ಬಿಳಿಯ ಚೆಂದದ ದಾರ ಸ್ವೀಟ್ ಬಾಕ್ಸಿನ ಹೊರಗಿರಲಿ, ಬಣ್ಣ ಬಿಡಬಹುದು. ಪಾಲಿಯೆಸ್ಟರ್ ದಾರ ಓವನ್ನಿನಲ್ಲೋ ಬಾಣಲೆಯಲ್ಲೋ ಕರಗುತ್ತೆ. ಇನ್ನು ಸೆಣಬಿನ ಸುತಲಿ. ಹೊಸ ಗೋಣಿಚೀಲಕ್ಕೆ ಸೀಮೆಎಣ್ಣೆಯಂಥ ವಾಸನೆ ಇರುತ್ತಲ್ಲ, ಅದು ಗಿರಣಿಯಲ್ಲಿ ನಾರು ಮೆದುವಾಗಲಿ ಅಂತ ಹಾಕುವ ಖನಿಜ ತೈಲದ್ದು. ಡಂಡಿಯ ತಿಮಿಂಗಿಲದ ಎಣ್ಣೆಯ ವಾರಸುದಾರ! ಇದೇ ಕಾರಣಕ್ಕೆ 1990ರ ದಶಕದ ಕೊನೆಯಲ್ಲಿ ಕಾಫಿ, ಕೋಕೋ ತುಂಬುವ ಚೀಲಗಳಿಗೆ ಸಸ್ಯಜನ್ಯ ಎಣ್ಣೆ ಬಳಸುವ ಪ್ರತ್ಯೇಕ ಅಂತರರಾಷ್ಟ್ರೀಯ ಮಾನದಂಡ ಬಂತು. ಹಾಗಾಗಿ ಗಿರಣಿಯ ಸುತಲಿ ಬಾಟಲಿಯ ಕುತ್ತಿಗೆಗೆ, ಉಡುಗೊರೆಯ ಪೊಟ್ಟಣಕ್ಕೆ ಚೆಂದ; ಆಹಾರಕ್ಕೆ ನೇರ ತಾಗಿಸಬೇಡಿ. ಹೆಂಗಸರು ಗದ್ದೆಯ ನಾರಿನಿಂದ ಕೈಯಲ್ಲೇ ಹೆಣೆದ ಶಿಕಾಕ್ಕೆ ಈ ತೈಲದ ತಾಪತ್ರಯ ಇರಲಿಲ್ಲ.

ಹೂವಿನ ಜೊತೆ ನಾರೂ ಸ್ವರ್ಗಕ್ಕೆ ಹೋಯಿತು ಅಂತ ನಮ್ಮಲ್ಲಿ ಗಾದೆ. ನಾರಿಗೆ ಸ್ವಂತ ಯೋಗ್ಯತೆಯಿಲ್ಲ, ಹೂವಿನ ದಯೆ ಅನ್ನುವ ಧಾಟಿ. ಇಷ್ಟೆಲ್ಲ ಓದಿದ ಮೇಲೆ ನನಗೆ ಅನ್ನಿಸಿದ್ದು ಉಲ್ಟಾ. ಗಡಿಗೆಗಳು ಒಡೆದವು, ಬೆಣ್ಣೆ ಕರಗಿತು, ಹೂವಂತೂ ಸಂಜೆಗೇ ಬಾಡುತ್ತೆ. ಎಲ್ಲವನ್ನೂ ಎತ್ತಿ ಹಿಡಿದದ್ದು ನಾರು. ಅದನ್ನು ಹೊಸೆದ ಕೈಗಳಿಗೆ ಮಾತ್ರ ಯಾರೂ ಸ್ವರ್ಗದ ಮಾತೆತ್ತಲಿಲ್ಲ.

ನಿಮ್ಮ ಕಡೆ ನೆಲುವಿಗೆ ಏನಂತಾರೆ? ಯಾವ ನಾರಿನಲ್ಲಿ ಮಾಡ್ತಿದ್ರು? ಮನೆಯಲ್ಲಿ ಹಿರಿಯರಿದ್ದರೆ ಇವತ್ತೇ ಕೇಳಿ, ಸಾಧ್ಯವಾದರೆ ಅವರ ಕೈಯಲ್ಲೇ ಒಂದು ಗಂಟು ಹಾಕಿಸಿ ಫೋಟೋ ತೆಗೆದಿಡಿ. ತಿಳಿದದ್ದನ್ನು ಕೆಳಗೆ ಬರೆಯಿರಿ, ಎಲ್ಲ ಒಟ್ಟುಮಾಡಿ ಇನ್ನೊಂದು ಪೋಸ್ಟ್ ಹಾಕೋಣ.